ತೊಳೆದ ವಾರ್ಡ್‌ರೋಬು

ವಾರ್ಡ್‌ರೋಬು ಬಿಚ್ಚುವಾಗ ನನ್ನ ಗಂಡ ರಾಜೇಂದ್ರರ ಗತ್ತು ನೋಡಬೇಕಿತ್ತು. ತಾಂಡ್ಯದ ಫ್ಯಾಕ್ಟರಿಗೆ ಎರಡು ದಿನ ರಜೆ ಹಾಕಿ, ಒಂದೊಂದು ಹಲಗೆಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದು, ಸ್ಕ್ರೂಗಳನ್ನೆಲ್ಲ ಉಪ್ಪಿನಕಾಯಿ ಬಾಟಲಿಗೆ ತುಂಬಿದರು. ನನಗೆ ನಂಜನಗೂಡಿನಿಂದ ಟಿ. ನರಸೀಪುರದ ಸರ್ಕಾರಿ ಆಸ್ಪತ್ರೆಗೆ ವರ್ಗವಾಗಿತ್ತು. ನರ್ಸ್ ಕೆಲಸಕ್ಕೆ ಸೇರಿದ ವರ್ಷ ಆಸೆಪಟ್ಟು ಕೊಂಡ ವಾರ್ಡ್‌ರೋಬು ಅದು. ಒಂದು ಗೀರು ಬಿದ್ದರೂ ಜಗಳವೇ ಎಂದು ಮೊದಲೇ ಹೇಳಿದ್ದೆ.

ಹೊಸ ಮನೆಗೆ ಅತ್ತೆ ಮರಿತಾಯಮ್ಮನೂ ಬಂದಿದ್ದರು. ಮುಡುಕುತೊರೆಯಲ್ಲಿ ಹಿರಿಮಗನ ಮನೆಯಲ್ಲಿ ಅವರು ಏನು ಮುಟ್ಟಿದರೂ ತಪ್ಪು. ನಮ್ಮಲ್ಲೇ ಇದ್ದುಬಿಡಿ ಎಂದು ಎರಡು ವರ್ಷದಿಂದ ಕರೆದು ಕರೆದು ಕೊನೆಗೂ ಒಪ್ಪಿಸಿದ್ದೆ. ಹತ್ತನೇ ಕ್ಲಾಸಿನಲ್ಲೇ ತಾಯಿಯನ್ನು ಕಳೆದುಕೊಂಡವಳು ನಾನು. ಅತ್ತೆ ಬಂದರೆ ಮನೆ ತುಂಬುತ್ತದೆ ಅನ್ನಿಸುತ್ತಿತ್ತು. ಅವರು ಮಾತ್ರ, "ಎಂಟು ದಿನ ಇದ್ದು ನೋಡ್ತೀನಿ ಕನವ್ವ," ಎಂದು ಒಂದೇ ಚೀಲ ತಂದಿದ್ದರು.

ಬೆಳಿಗ್ಗೆ ಹಾಲುಕ್ಕಿಸಿ, ಹಲಗೆಗಳನ್ನು ಹಿತ್ತಿಲ ಗೋಡೆಗೆ ಒರಗಿಸಿ, ನಾವಿಬ್ಬರೂ ಗ್ಯಾಸ್ ಕನೆಕ್ಷನ್ನಿಗೆ ಓಡಾಡಿ ಮಧ್ಯಾಹ್ನ ಬಂದೆವು. ಹಿತ್ತಿಲಲ್ಲಿ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ನಲ್ಲಿಯ ಕೆಳಗೆ ಕೊನೆಯ ಹಲಗೆಯನ್ನು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದರು. ಅವರ ಊರಲ್ಲಿ ಹಬ್ಬಕ್ಕೆ ಮುಂಚೆ ಮಂಚ, ಮಣೆ, ಒನಕೆ ಎಲ್ಲವನ್ನೂ ಹೊಳೆಗೆ ಹೊತ್ತು ತೊಳೆದು ತರುತ್ತಾರೆ.

"ಅಳೇ ಮನೆ ದೂಳ ಒಸ ಮನೆಗೆ ತರಬಾರ್ದು ಅಂತ ತೊಳ್ದೆ," ಎಂದರು ಸಂಭ್ರಮದಿಂದ.

ನಂಬರ್ ಒಂದೂ ಉಳಿದಿರಲಿಲ್ಲ. ಅದು ಹಾಳಾಗಲಿ, ಮರದ ಪುಡಿ ಒತ್ತಿ ಮಾಡಿದ ಹಲಗೆಗಳವು. ಬಾಗಿಲಿನ ಅಂಚು ನೆನೆದ ಅವಲಕ್ಕಿಯಂತೆ ಉಬ್ಬಿಕೊಂಡಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

"ಯಾರ್ ಹೇಳಿದ್ರು ನಿಮಗೆ ಇದನ್ನ ಮುಟ್ಟಿ ಅಂತ?" ಎಂದುಬಿಟ್ಟೆ.

ಅತ್ತೆ ನಾರನ್ನು ಕೆಳಗಿಟ್ಟು ಒಳಗೆ ಹೋದರು.

ಹೊತ್ತು ಇಳಿಯುವವರೆಗೆ ನಾನೂ ರಾಜೇಂದ್ರರೂ ಹಲಗೆಗೆ ಹಲಗೆ ಹಿಡಿದು ನೋಡಿ, ತಪ್ಪಾಗಿ ಕೂರಿಸಿ, ಬಿಚ್ಚಿ, ಮತ್ತೆ ಕೂರಿಸಿ ವಾರ್ಡ್‌ರೋಬು ನಿಲ್ಲಿಸಿದೆವು. ಒಂದು ಬಾಗಿಲಂತೂ ಎಷ್ಟು ಒತ್ತಿದರೂ ಮುಚ್ಚಲಿಲ್ಲ. ಅಷ್ಟರಲ್ಲಿ ಅತ್ತೆ ಕೋಣೆಗೆ ಬಂದರು. ಕೈಯಲ್ಲಿ ಚೀಲವಿತ್ತು.

"ಮುಡುಕುತೊರೆ ಬಸ್ಸು ಎಷ್ಟೊತ್ಗದೆ ಮಗಾ?" ಎಂದು ರಾಜೇಂದ್ರರನ್ನು ಕೇಳಿದರು.

ಮುಟ್ಟಿದ್ದೆಲ್ಲ ತಪ್ಪು ಎನ್ನುವ ಮನೆಯಿಂದ ಕರೆದುಕೊಂಡು ಬಂದು, ಮೊದಲ ದಿನವೇ ನಾನೂ ಅದೇ ಮಾತು ಆಡಿದ್ದೆ. ನಾಚಿಕೆಗೆ ಮುಖ ಎತ್ತಲಾಗಲಿಲ್ಲ. ಚೀಲ ಈಸಿಕೊಂಡು ಅವರ ನಾಲ್ಕು ಸೀರೆಗಳನ್ನು ಆ ಮುಚ್ಚದ ಬಾಗಿಲ ಹಿಂದೆ, ಬಗ್ಗದೆ ಕೈಗೆ ಸಿಗುವ ಖಾನೆಯಲ್ಲಿ ಜೋಡಿಸಿದೆ.

"ಇದು ನಿಮ್ದು. ಬಾಯಿಗೆ ಬಂದಂಗೆ ಅಂದ್ಬಿಟ್ಟೆ, ತಪ್ಪಾಯ್ತು ಅತ್ತೆ."

ಅತ್ತೆ ಸೀರೆಗಳ ಮಡಿಕೆ ಸರಿಮಾಡಿದರು. ಆಮೇಲೆ ಬಾಗಿಲನ್ನೊಮ್ಮೆ ಒತ್ತಿದರು. ಅದು ಮತ್ತೆ ತೆರೆದುಕೊಂಡಿತು.

"ಕೆಡ್ಸಿದೋಳು ನಾನೇ. ಒಣಗಿ ಸರಿಯಾಗೋಗಂಟ ಇರ್ತೀನಿ ಬುಡು," ಎಂದರು.

ಅಂಥ ಹಲಗೆ ಒಮ್ಮೆ ಉಬ್ಬಿದರೆ ಎಷ್ಟು ಒಣಗಿದರೂ ಮೊದಲಿನಂತಾಗುವುದಿಲ್ಲ. ಅದನ್ನು ಹೇಳಲು ರಾಜೇಂದ್ರ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.