ಎಡಗಾಲಿನ ಹಿಮ್ಮಡಿ

ಟೋಕಿಯೊ ನಗರದ ಅಕಾಸಾಕಾ ಬಡಾವಣೆಯ ಮಿನೊಯಾ ಊಟದ ಮನೆಯ ಬಾಗಿಲಲ್ಲಿ ತೊಮೆಕಿಚಿ ಮೂವತ್ತು ವರ್ಷದಿಂದ ಅತಿಥಿಗಳ ಜೋಡು ಕಾಯುತ್ತಿದ್ದ. ಒಳಗೆ ಹೋದವರ ಬೂಟು, ಮರದ ಹಾವುಗೆಗಳನ್ನು ಒರೆಸಿ ಗೂಡಿನಲ್ಲಿಡುವುದು, ಅವರು ಎದ್ದ ಸದ್ದಾದೊಡನೆ ಮೂತಿ ಬೀದಿಯ ಕಡೆಗಿರುವಂತೆ ಬಾಗಿಲ ಕಲ್ಲಿನ ಮೇಲೆ ಇಡುವುದು, ಇಷ್ಟೇ ಕೆಲಸ. ಆದರೆ ಈ ಮನುಷ್ಯ ಮಹಾ ಅನುಮಾನದ ಪ್ರಾಣಿ. ಮುಖ ನೋಡಿ ನಂಬುತ್ತಿರಲಿಲ್ಲ, ಮಾತು ಕೇಳಿ ನಂಬುತ್ತಿರಲಿಲ್ಲ. ಜೋಡನ್ನು ಮಗುಚಿ ಹಿಮ್ಮಡಿ ನೋಡುತ್ತಿದ್ದ. ಹೆಂಡತಿಗೆ ಹೆದರುವವನ ಹಿಮ್ಮಡಿ ಒಳಮಗ್ಗುಲಲ್ಲಿ ಸವೆದಿರುತ್ತದೆ, ಕುಡುಕನದು ಹಿಂದೆ. ಸೈನಿಕನದು ಎಡಗಾಲಿನ ಹೊರಅಂಚಿನಲ್ಲಿ, ಏಕೆಂದರೆ ಎಡಸೊಂಟದಲ್ಲಿ ಕತ್ತಿ ತೂಗುತ್ತದೆ. ವ್ಯಾಪಾರಿಯ ವೇಷದಲ್ಲಿ ಬಂದ ಎಷ್ಟೋ ಸೇನಾಧಿಕಾರಿಗಳನ್ನು ಅವನು ಹೀಗೆ ಪತ್ತೆ ಹಚ್ಚಿ ಮನಸ್ಸಿನಲ್ಲೇ ನಕ್ಕಿದ್ದ.

ಶೋವಾ ಚಕ್ರವರ್ತಿಯ ಆಳ್ವಿಕೆಯ ಹತ್ತನೆಯ ವರ್ಷದ, ಎಂದರೆ 1935ರ, ಆ ಶರತ್ಕಾಲದಲ್ಲಿ ಅನುಮಾನ ಅವನೊಬ್ಬನ ರೋಗವಾಗಿ ಉಳಿದಿರಲಿಲ್ಲ, ಊರಿಗೇ ಅಂಟಿತ್ತು. ಮಿನೊಯಾದ ಮಹಡಿಯಲ್ಲಿ ಕರ್ನಲ್ ಇಗರಾಶಿ ಮತ್ತವನ ಗೆಳೆಯರು ವಾರಕ್ಕೆರಡು ಸಲ ಸೇರಿ, ಸಾಕೆ ಕುಡಿಯುತ್ತ, ಯಾರನ್ನು ಮಂತ್ರಿ ಮಾಡಬೇಕು, ಯಾರನ್ನು ಇಳಿಸಬೇಕು ಎಂದು ಮನೆಯಾಸ್ತಿ ಹಂಚಿಕೊಳ್ಳುವವರಂತೆ ಮಾತಾಡುತ್ತಿದ್ದರು. ಸೇನೆಯ ಮಂತ್ರಿಯೊಬ್ಬ ಮುನಿಸಿಕೊಂಡು ಎದ್ದರೆ ಸರ್ಕಾರಕ್ಕೆ ಸರ್ಕಾರವೇ ಅಲ್ಲಾಡುವ ಕಾಲ.

ಕೆಳಗಿನ ಕೋಣೆಗೆ ಪ್ರತಿ ಗುರುವಾರ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದವರು ಅಸಬುಕಿ. ನೌಕಾದಳದ ಹಳೆಯ ಅಡ್ಮಿರಲ್, ಈಗ ಮಂತ್ರಿ. ಸೇನೆಯವರು ರಾಜಕೀಯ ಬಿಟ್ಟು ತಮ್ಮ ಕವಾಯತು ನೋಡಿಕೊಳ್ಳಲಿ ಎಂದು ತುಂಬಿದ ಸಭೆಯಲ್ಲಿ ಹೇಳಿ, ಬೀದಿಬೀದಿಯ ಗೋಡೆಗಳ ಮೇಲೆ ದೇಶದ್ರೋಹಿ ಎನ್ನಿಸಿಕೊಂಡವರು. ತೊಮೆಕಿಚಿಗೆ ಮಾತ್ರ ದೇವರ ಸಮಾನ. ಹನ್ನೆರಡು ವರ್ಷದ ಹಿಂದೆ, ಮಹಾಭೂಕಂಪದ ದಿನ, ಯೊಕೊಹಾಮಾ ಬಂದರು ಹೊತ್ತಿ ಉರಿಯುವಾಗ ಅವನ ಹೆಂಡತಿ ಒಮಿನೆಯನ್ನು ನೀರಿನಿಂದ ಎತ್ತಿಕೊಂಡದ್ದು ಅವರ ಹಡಗು. ಇವತ್ತಿಗೂ ಒಮಿನೆ ಬೆಳಗೆದ್ದು ಅವರ ಹೆಸರು ಹೇಳಿ ಕೈಮುಗಿಯದೆ ಒಲೆ ಹಚ್ಚುವವಳಲ್ಲ.

ಆ ಗುರುವಾರ ಅಡ್ಮಿರಲ್ ಒಳಗೆ ಅಣಬೆಯ ಅನ್ನ ಉಣ್ಣುತ್ತಿದ್ದಾಗ ಕೋಟು ತೊಟ್ಟ ಇಬ್ಬರು ಬಂದರು. ತಾವು ಮಾಯೆಬಾಶಿ ಊರಿನ ರೇಷ್ಮೆ ವ್ಯಾಪಾರಿಗಳಂತೆ. ಬಾಗಿಲ ಪಕ್ಕದ ಕೋಣೆಯೇ ಬೇಕೆಂದರು.

"ಮಂತ್ರಿಗಳು ಬಂದಾಯ್ತಾ ಅಜ್ಜ?" ಎಂದ ಗಿಡ್ಡನೆಯವನು, ಬೂಟಿನ ದಾರ ಬಿಚ್ಚುತ್ತ.

"ಯಾವ ಮಂತ್ರಿ ಸ್ವಾಮಿ? ನಂಗೆ ಬೂಟಿನ ಪರಿಚಯ ಉಂಟು, ಮಂತ್ರಿಗಳದ್ದು ಇಲ್ಲ."

"ಹಾಗಾದ್ರೆ ಆ ಬೂಟು ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತೆ?"

"ಹೊಟ್ಟೆ ತುಂಬಿದ ಮೇಲೆ."

ಇಬ್ಬರೂ ನಕ್ಕರು. ಅವರು ಒಳಗೆ ಹೋದದ್ದೇ ತಡ, ತೊಮೆಕಿಚಿ ಬೂಟುಗಳನ್ನು ಮಗುಚಿದ. ಇಬ್ಬರದ್ದೂ ಎಡಗಾಲು, ಹೊರಅಂಚು. ರೇಷ್ಮೆ ಮಾರುವವನ ಸೊಂಟದಲ್ಲಿ ಕತ್ತಿ ಎಲ್ಲಿಂದ ಬಂತು? ಇವರು ಅಡ್ಮಿರಲ್‌ರನ್ನು ಮುಗಿಸಲು ಬಂದವರೇ. ಯೋಚಿಸಿದರೆ, ಹದಿನೈದು ದಿನದಿಂದ ಕರ್ನಲ್‌ನ ಗುಂಪೂ ಮಹಡಿ ಹತ್ತಿರಲಿಲ್ಲ. ಹಾಲಿನ ಪಾತ್ರೆಯ ಹತ್ತಿರ ಬೆಕ್ಕು ಸುಳಿಯಲಿಲ್ಲವೆಂದರೆ ಮನೆಯಾಕೆ ನಿಶ್ಚಿಂತೆಯಿಂದ ನಿದ್ದೆ ಮಾಡುವುದೇ?

ಒಡತಿ ಒತಾಮಿಯನ್ನು ಮೂಲೆಗೆ ಕರೆದು ಹೇಳಿದ.

"ಚೌಕಿಯ ಪೊಲೀಸಿಗೆ ಹೇಳಿ ಕಳಿಸ್ಲಾ?" ಎಂದಳು ಅವಳು ಪಿಸುದನಿಯಲ್ಲಿ.

"ಬೇಡ ಅಮ್ಮಾವ್ರೇ. ಅವನು ಕರ್ನಲ್‌ಗೆ ಸೊಂಟ ಮುರಿಯೋ ಹಾಗೆ ಬಗ್ಗೋದನ್ನ ನಾನೇ ನೋಡಿದೀನಿ. ಬೇಲೀನೇ ಎದ್ದು ಹೊಲ ಮೇಯೋ ಕಾಲ ಇದು."

"ನಿನ್ನ ಲೆಕ್ಕ ತಪ್ಪಾದ್ರೆ ನನ್ನ ಮನೆ ಮಾನ ಹೋಗುತ್ತೆ. ಸರಿಯಾದ್ರೆ ಮನೇನೇ ಹೋಗುತ್ತೆ." ಅವಳು ಬೀಸಣಿಗೆ ಮಡಚಿದಳು. "ನೀನು ನಂಗೆ ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ. ತಿಳೀತಾ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಡತಿಯರು ಹಾಗೇ.

ತೊಮೆಕಿಚಿ ಅಡ್ಮಿರಲ್‌ರ ಕೋಣೆಯ ಬಾಗಿಲು ಸರಿಸಿ ಹಣೆ ನೆಲಕ್ಕೆ ಹಚ್ಚಿದ. ಜೋಡು ಕಾಯುವವನು ಒಳಗೆ ಕಾಲಿಟ್ಟದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು.

"ದಣಿ, ಮುಂಬಾಗಿಲು ಬೇಡ. ಬಾಗಿಲ ಪಕ್ಕ ಕೂತಿರೋ ಇಬ್ಬರು ವ್ಯಾಪಾರಿಗಳಲ್ಲ. ಸೈನ್ಯದವರು."

"ಯಾರಪ್ಪಾ ಹೇಳಿದ್ದು?"

"ಅವರ ಬೂಟು."

ಅಡ್ಮಿರಲ್ ಅವನನ್ನು ದಿಟ್ಟಿಸಿದರು. ಅವರಿಗೂ ಅನುಮಾನ ಬಂದಿರಬೇಕು. ಆ ದಿನಗಳಲ್ಲಿ ಯಾರಿಗೆ ಬರುತ್ತಿರಲಿಲ್ಲ! ಆಮೇಲೆ ಮುದುಕನ ಗುರುತು ಹತ್ತಿ ಮೆತ್ತಗಾದರು.

"ಒಮಿನೆ ಗಂಡ ಅಲ್ವೇ ನೀನು? ನಡಿ. ಮೀನು ಕದ್ದ ಬೆಕ್ಕಿನ ಹಾಗೆ ಅಡುಗೆಮನೆಯಿಂದ ಓಡೋದೂ ನನ್ನ ಹಣೇಲಿ ಬರೆದಿತ್ತು ಅನ್ನು."

ತೊಮೆಕಿಚಿ ಅಡ್ಮಿರಲ್‌ರ ಬೂಟುಗಳನ್ನು ಮುಂಬಾಗಿಲ ಕಲ್ಲಿನ ಮೇಲೆ ಬೀದಿಗೆ ಮೂತಿ ಮಾಡಿ ಇಟ್ಟ. ಆ ವ್ಯಾಪಾರಿಗಳು ನೋಡಲಿ, ಇನ್ನೂ ಒಳಗಿದ್ದಾರೆ ಅಂದುಕೊಳ್ಳಲಿ. ಹಿತ್ತಲಲ್ಲಿ ಅಡುಗೆಯವನ ಹಾವುಗೆ ಕೊಟ್ಟ. ಅಡ್ಮಿರಲ್ ಅದನ್ನು ಮೆಟ್ಟುವಾಗ ಓಣಿಯಲ್ಲಿ ತೋಫು ಮಾರುವವನು ಗಿರಾಕಿಗಳನ್ನು ಕರೆಯಲು ಊದುವ ಕೊಂಬು ಕೇಳಿಸಿತು. ಒಂದು ವಾರದಿಂದ ಬರುತ್ತಿದ್ದ ಹೊಸಬ. ತೋಫುವಿನವರು ಬೆಳಿಗ್ಗೆ, ಸಂಜೆ ಬರುತ್ತಾರೆ. ಇವನು ನಡುಮಧ್ಯಾಹ್ನ ಊದುತ್ತಾನೆ, ಸೋಮಾರಿ, ಎಂದು ತೊಮೆಕಿಚಿ ಎರಡು ಸಲ ಬೈದುಕೊಂಡಿದ್ದ. ಅವನ ಕಾಲು ನೋಡಿರಲಿಲ್ಲ. ಹಿತ್ತಲಿಗೆ ಬರುವವರು ಯಾರೂ ತೊಮೆಕಿಚಿಯ ಮುಂದೆ ಜೋಡು ಬಿಡುವುದಿಲ್ಲವಲ್ಲ.

"ಒಮಿನೆಗೆ ಕೇಳಿದೆ ಅಂತ ಹೇಳು" ಎಂದು ಅಡ್ಮಿರಲ್ ಓಣಿಗೆ ಇಳಿದರು.

ಹತ್ತು ಹೆಜ್ಜೆ ನಡೆದಿರಬೇಕು. ಮೂರು ಗುಂಡು ಹಾರಿದವು.

ಇಬ್ಬರು ವ್ಯಾಪಾರಿಗಳು ಬರಿಗಾಲಲ್ಲಿ, ಪಿಸ್ತೂಲು ಹಿಡಿದು ಅಡುಗೆಮನೆಯೊಳಗೆ ನುಗ್ಗಿ ಬಂದರು. ಓಣಿಯಲ್ಲಿ ಚೆಲ್ಲಿದ ತೋಫು, ಮಗುಚಿದ ಹಾವುಗೆ, ಅಲುಗದೆ ಬಿದ್ದ ಅಡ್ಮಿರಲ್. ಮಾರುವವನು ಮಾಯ. ಗಿಡ್ಡನೆಯವನು ತೊಮೆಕಿಚಿಯ ಕೊರಳಪಟ್ಟಿ ಹಿಡಿದ.

"ಹಿಂದಿನಿಂದ ಯಾಕೋ ಕಳಿಸ್ದೆ? ಕಾವಲು ಬೇಡ ಅಂತ ಅವರು ಹಟ ಹಿಡಿದ್ರು, ಅವರಿಗೂ ತಿಳೀದ ಹಾಗೆ ನಾವು ಮುಂಬಾಗಿಲು ಕಾಯ್ತಿದ್ವಿ! ಪೊಲೀಸರು ಕಣೋ ನಾವು!"

ಪೊಲೀಸರು. ಅವರೂ ಸಮವಸ್ತ್ರದಲ್ಲಿ ಎಡಸೊಂಟಕ್ಕೆ ಕತ್ತಿ ಕಟ್ಟುತ್ತಾರೆ. ಟೋಕಿಯೊದ ಹಸುಗೂಸಿಗೂ ಗೊತ್ತಿರುವ ಸಂಗತಿ. ಆದರೆ ಪೊಲೀಸಿನವನ ಸಂಬಳಕ್ಕೆ ಮಿನೊಯಾದ ಊಟ ಎಟುಕದು. ಅವರ ಬೂಟು ಒಮ್ಮೆಯೂ ತೊಮೆಕಿಚಿಯ ಗೂಡು ಸೇರಿರಲಿಲ್ಲ. ಗೂಡಿಗೆ ಬಾರದ್ದನ್ನು ಅವನು ಜಗತ್ತಿನಲ್ಲೇ ಇಲ್ಲವೆಂದುಕೊಂಡಿದ್ದ.

ಠಾಣೆಯಲ್ಲಿ ಹನ್ನೊಂದು ದಿನ ಕೂರಿಸಿದರು. ಯಾರು ಹೇಳಿಕೊಟ್ಟರು ಎಂದು ಕೇಳಿದಾಗಲೆಲ್ಲ ಅವನು ಹಿಮ್ಮಡಿಯ ಕತೆ ಹೇಳಿದ, ಅವರು ಹೊಡೆದರು. ನಿಜವನ್ನು ಅಷ್ಟು ಸಲ ಹೇಳಿದ ಮೇಲೆ ಅವನಿಗೇ ಅದು ಸುಳ್ಳಿನಂತೆ ಕೇಳಿಸತೊಡಗಿತು. ಹನ್ನೆರಡನೆಯ ದಿನ ಕಾರಣ ಹೇಳದೆ ಬಿಟ್ಟರು.

ಅಷ್ಟರಲ್ಲಿ ಸರ್ಕಾರ ಬಿದ್ದಿತ್ತು. ಒತಾಮಿ ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡಳು. ಏಕೆಂದು ಅವನಿಗೆ ಮಧ್ಯಾಹ್ನ ತಿಳಿಯಿತು. ಮಹಡಿಯಲ್ಲಿ ಮತ್ತೆ ನಗು ಕೇಳುತ್ತಿತ್ತು. ಇಳಿದು ಬಂದ ಕರ್ನಲ್ ಇಗರಾಶಿ ಬೂಟಿಗೆ ಕಾಲು ತೂರಿಸುತ್ತ, ಎಲ್ಲರಿಗೂ ಕೇಳುವಂತೆ ಹೇಳಿದ:

"ನಿನ್ನನ್ನ ಬಿಡಿಸಿದ್ದು ನಾನೇ, ಯಜಮಾನ. ಎಂಥಾ ಗಟ್ಟಿಗನಯ್ಯಾ ನೀನು! ನಮ್ಮವನೇ ಬಾಗಿಲಲ್ಲಿ ಕೂತಿದಾನೆ ಅಂತ ನಮಗೇ ಗೊತ್ತಿರ್ಲಿಲ್ಲ ನೋಡು."

"ನಾನು ನಿಮ್ಮವನಲ್ಲ ಸ್ವಾಮಿ" ಎಂದ ತೊಮೆಕಿಚಿ.

"ಹಾಗೇ ಹೇಳ್ತಿರು, ಒಳ್ಳೇದು" ಎಂದು ಕರ್ನಲ್ ಭುಜ ತಟ್ಟಿ ಹೋದ. ಅಡುಗೆಯವರು ತೊಮೆಕಿಚಿಯ ಮುಖ ನೋಡದೆ ಒಳಗೆ ಸರಿದರು.

ಸಂಜೆ ಮನೆಗೆ ಹೋದ. ಕರ್ನಲ್ ಆಡಿದ ಮಾತು ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಒಮಿನೆ ದೇವರ ಗೂಡಿನಲ್ಲಿ ಅಡ್ಮಿರಲ್‌ರ ಹೆಸರು ಬರೆದಿಟ್ಟು ಊದುಕಡ್ಡಿ ಹಚ್ಚಿದ್ದಳು. ಅನ್ನ ಬಡಿಸಿದಳು. ಅವನು ಬೂಟಿನಿಂದ ಹಿಡಿದು ಕೊಂಬಿನವರೆಗೆ ಎಲ್ಲ ಹೇಳಿದ. ಅಳುತ್ತಲೇ ಹೇಳಿದ.

"ಕೇಳಿದೆ ಅಂತ ನಿಂಗೆ ಹೇಳು ಅಂದ್ರು ಕಣೇ. ಕೊನೇ ಮಾತು ಅದೇ."

ಒಮಿನೆ ತಲೆಯೆತ್ತಿದಳು. ಕಣ್ಣು ಒಣಗಿತ್ತು.

"ಆ ಕರ್ನಲ್ ಕಡೆಯವರ ಜೊತೆ ಯಾವಾಗಿಂದ ಇದೀರಿ?" ಎಂದಳು.

ಬೆಳಿಗ್ಗೆ ಕೆಲಸಕ್ಕೆ ಹೊರಟು ಹೊಸ್ತಿಲಿಗೆ ಬಂದ. ಮದುವೆಯಾದಂದಿನಿಂದ ಒಂದು ದಿನವೂ ತಪ್ಪದೆ ಒಮಿನೆ ರಾತ್ರಿಯೇ ಅವನ ಹಾವುಗೆಗಳನ್ನು ಬೀದಿಯ ಕಡೆಗೆ ತಿರುಗಿಸಿಡುತ್ತಿದ್ದಳು. ಇಂದು ಅವು ಅವನು ಬಿಟ್ಟ ಹಾಗೆಯೇ, ಮನೆಯ ಕಡೆ ಮೂತಿ ಮಾಡಿಕೊಂಡು ಬಿದ್ದಿದ್ದವು. ತೊಮೆಕಿಚಿ ಬಗ್ಗಿ ತನ್ನ ಹಾವುಗೆಗಳನ್ನು ತಾನೇ ತಿರುಗಿಸಿಕೊಂಡ.