ಪಿನ್ನಿಲ್ಲದ ಹೆಗಲುಪಟ್ಟಿ

ಕಾಲುವೆಯ ದಂಡೆಯಲ್ಲಿ ಹೊನೋರ ಟಿಯರ್ನಿಯ ಕೂಸನ್ನು ಕಂಡ ಕೂಡಲೇ ಕೆಜಾಯಳ ಎದೆ ಧಸಕ್ಕೆಂದಿತು. ಕೂಸಿಗೇನೂ ಆಗಿರಲಿಲ್ಲ. ಜುಲೈ ತಿಂಗಳ ಧಗೆಗೆ ತಾಯಿ ಅದರ ಅಂಗಿ ಕಳಚಿ, ಬರೀ ಲಂಗೋಟಿಯಲ್ಲಿ ಹುಲ್ಲಿನ ಮೇಲೆ ಬಿಟ್ಟಿದ್ದಳು. ಆ ಲಂಗೋಟಿಯನ್ನು ಜಾರದಂತೆ ಎತ್ತಿ ಹಿಡಿದಿದ್ದದ್ದು ಎರಡು ಪಟ್ಟಿ. ಹೆಗಲ ಮೇಲಿಂದ ಇಳಿದು, ಬೆನ್ನಿನ ಮೇಲೆ ಕತ್ತರಿಯಾಗಿ ಹಾದು, ನಾಲ್ಕು ತುದಿಯಲ್ಲಿ ನಾಲ್ಕು ಗುಂಡಿಗೆ ಸಿಕ್ಕಿಕೊಂಡ ಪಟ್ಟಿ. ಎಲ್ಲೂ ಒಂದು ಪಿನ್ನಿಲ್ಲ.

ಅದು ಕೆಜಾಯಳ ಪಟ್ಟಿ. ಭೂಮಿಯ ಮೇಲೆ ಅದು ಇರಬೇಕಾದದ್ದು ಎರಡೇ ಕಡೆ. ಒಂದು ಅವಳ ಹೊಲಿಗೆ ಮೇಜಿನ ಖಾನೆಯಲ್ಲಿ, ಇನ್ನೊಂದು ಊರಿನ ನ್ಯಾಯಾಧಿಕಾರಿ ಲೂಮಿಸರ ಕಪಾಟಿನಲ್ಲಿ, ಪೇಟೆಂಟಿಗಾಗಿ ವಾಷಿಂಗ್ಟನ್ನಿಗೆ ಹೋಗಲು ಕಾದಿದ್ದ ಮಾದರಿ. ಅಂದು ಗುರುವಾರ. ಶನಿವಾರ ಬೆಳಿಗ್ಗೆ ಅವಳು ಬೈಬಲ್ಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕಿತ್ತು. ಇದು ನನ್ನ ತಲೆಯಲ್ಲಿ ಹುಟ್ಟಿದ್ದು, ಎರಡು ವರ್ಷಕ್ಕಿಂತ ಹೆಚ್ಚು ಕಾಲ ಜನರ ಬಳಕೆಯಲ್ಲಿ ಇದ್ದದ್ದಲ್ಲ ಎಂದು. ಆ ಮಾತು ಸುಳ್ಳಾದರೆ ಪೇಟೆಂಟಿಲ್ಲ ಎಂದು ಲೂಮಿಸರು ಎರಡು ಸಲ ಹೇಳಿದ್ದರು. ‘ಮನೆಯ ಹೊಸ್ತಿಲು ದಾಟಿಲ್ಲ ಸ್ವಾಮಿ’ ಎಂದು ಇವಳೂ ಎರಡು ಸಲ ಹೇಳಿದ್ದಳು.

ಕೈಯಲ್ಲಿದ್ದ ಬಟ್ಟೆಗಂಟನ್ನು ಸೊಂಟಕ್ಕೆ ಏರಿಸಿಕೊಂಡು ಅವಳು ನೆಟ್ಟಗೆ ಹೊನೋರಳ ಬಳಿ ನಡೆದಳು.

“ಕೂಸು ಚೆನ್ನಾಗಿದೆ. ಕೊಡು, ಸ್ವಲ್ಪ ಎತ್ಕೋತೀನಿ.”

ಹೊನೋರ ಕೂಸನ್ನು ಬಾಚಿ ಎತ್ತಿ ಇನ್ನೊಂದು ಹೆಗಲಿಗೆ ಹಾಕಿಕೊಂಡಳು. “ಬೇಡಿ ಅಮ್ಮಾವ್ರೆ. ಹೊಸಬರನ್ನ ಕಂಡ್ರೆ ಅಳುತ್ತೆ.”

ಕೂಸು ಕೆಜಾಯಳನ್ನು ನೋಡಿ ಬಾಯ್ತುಂಬ ನಗುತ್ತಿತ್ತು.

“ಆ ಪಟ್ಟಿ ಎಲ್ಲಿಂದ ಬಂತು?”

“ಯಾವ ಪಟ್ಟಿ?”

“ನಿನ್ನ ಮಗನ ಹೆಗಲ ಮೇಲಿದೆಯಲ್ಲ, ಅದು.”

ಹೊನೋರಳ ಮುಖ ಕೆಂಪಗಾಯಿತು. “ಇದಾ? ನಮ್ಮಕ್ಕ ಹಾರ್ಟ್‌ಫರ್ಡ್‌ನಲ್ಲಿ ಅಂಗಡೀಲಿ ತಗೊಂಡಿದ್ದು. ಅಲ್ಲಿ ಬೇಕಾದಷ್ಟು ಸಿಗುತ್ತಂತೆ. ಬರ್ತೀನಿ ಅಮ್ಮಾವ್ರೆ, ಒಲೆ ಮೇಲೆ ಆಲೂಗಡ್ಡೆ ಇಟ್ಟು ಬಂದಿದೀನಿ.” ಎಂದವಳೇ ಕೂಸನ್ನು ಶಾಲಿನಲ್ಲಿ ಸುತ್ತಿಕೊಂಡು ಹೊರಟೇಹೋದಳು. ಆ ಸುಡುಬಿಸಿಲಲ್ಲಿ ಶಾಲು ಯಾರಿಗೆ ಬೇಕಿತ್ತು? ಪಟ್ಟಿ ಮುಚ್ಚಲಿಕ್ಕಲ್ಲದೆ ಮತ್ತೇಕೆ?

ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ ಎಂದರೆ ಯಾರೋ ರಾಶಿಗಟ್ಟಲೆ ಮಾಡಿ ಮಾರುತ್ತಿದ್ದಾರೆ. ಮಾರುತ್ತಿದ್ದಾರೆ ಎಂದರೆ ಯಾರೋ ಅವರಿಗೆ ನಮೂನೆ ಕೊಟ್ಟಿದ್ದಾರೆ. ನಮೂನೆ ನೋಡಲು ಸಾಧ್ಯವಿದ್ದದ್ದು ಒಬ್ಬಳಿಗೇ. ಮನೆ ತಲುಪುವ ಹೊತ್ತಿಗೆ ಕೆಜಾಯಳಿಗೆ ಎಲ್ಲವೂ ಹಗಲಿನಷ್ಟು ನಿಚ್ಚಳವಾಗಿತ್ತು. ಅನುಮಾನ ಮೂಡಿದ ತಲೆಗೆ ನಿಚ್ಚಳವಾಗದ ವಿಷಯವೇ ಇರುವುದಿಲ್ಲವಲ್ಲ.

ಆ ಒಬ್ಬಳು ನಾದಿನಿ ಫಿಲೂರ. ಕೆಜಾಯಳ ಗಂಡ ಎದೆರೋಗದಿಂದ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಕೆಜಾಯ ಮನೆಯಲ್ಲಿ ಕೂತು ಊರಿನ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಫಿಲೂರ ಜಲಪಾತದ ಕೆಳಗಿನ ಪಿನ್ನಿನ ಕಾರ್ಖಾನೆಗೆ ಹೋಗುತ್ತಿದ್ದಳು. ಹೊಟ್ಟೆ ಒತ್ತಿದರೆ ಬಾಯಿ ಮುಚ್ಚುವ ಕೊಂಡಿಪಿನ್ನು ಮಾಡುವ ಕಾರ್ಖಾನೆ ಅದು, ಬೇರೇನನ್ನೂ ಮಾಡುತ್ತಿರಲಿಲ್ಲ. ಕೂಸುಗಳ ಬಟ್ಟೆಗೆ ಪಿನ್ನೇ ಬೇಡ ಎನ್ನುವ ಪಟ್ಟಿ ಹೊರಟರೆ ಯಾರ ಹೊಟ್ಟೆಯ ಮೇಲೆ ಏಟು? ಕಾರ್ಖಾನೆಯವರ ಕಿವಿಗೆ ಅದನ್ನು ಯಾರು ಊದಿರಬಹುದು? ಕೆಜಾಯ ಹಲ್ಲು ಕಡಿದಳು.

ಇನ್ನೂ ಒಂದಿತ್ತು, ಅದನ್ನು ಅವಳು ಯಾರ ಬಳಿಯೂ ಬಾಯಿಬಿಟ್ಟು ಆಡಿರಲಿಲ್ಲ. ಗಂಡ ಹೋದ ನಾಲ್ಕು ತಿಂಗಳಿಗೆ ಹುಟ್ಟಿದ ಮಗು ಏಸ ಎಂಟು ತಿಂಗಳವನಿದ್ದಾಗ ಮೂರು ದಿನ ಬಿಡದೆ ಅತ್ತ. ಹಲ್ಲು ಬರುತ್ತಿದೆ ಎಂದು ಡಾಕ್ಟರು ಹನಿಮದ್ದು ಕೊಟ್ಟರು. ಮೂರನೆಯ ದಿನ ಅವನು ಅಳು ನಿಲ್ಲಿಸಿದ. ಹೊಟ್ಟೆಗೆ ಸುತ್ತಿದ್ದ ಉಣ್ಣೆಬಟ್ಟೆಯನ್ನು ಡಾಕ್ಟರು ಬಿಚ್ಚಿದಾಗ ಪಕ್ಕೆಯೊಳಕ್ಕೆ ಇಳಿದಿದ್ದ ಪಿನ್ನೊಂದು ಸಿಕ್ಕಿತು. ಕೆಜಾಯ ನೋಡುವ ಮೊದಲೇ ಅವರು ಅದನ್ನು ಕಾಗದದ ಚೂರಲ್ಲಿ ಮಡಚಿ ಅವಳ ಕೈಗಿತ್ತರು. ಅವಳು ಅದನ್ನು ಗುಂಡಿಗಳ ತಗಡಿನ ಡಬ್ಬಿಯ ತಳದಲ್ಲಿ ಇಟ್ಟಳು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಮಡಿಕೆ ಬಿಚ್ಚಿರಲಿಲ್ಲ. ಬಿಚ್ಚಿ ನೋಡುವ ಅಗತ್ಯವೇನು? ಅಳು ಶುರುವಾದ ಬೆಳಿಗ್ಗೆ ಮಗುವಿಗೆ ಬಟ್ಟೆ ತೊಡಿಸಿದವಳು ಫಿಲೂರ. ತೊಡಿಸಿದ್ದು ಕಾರ್ಖಾನೆಯಿಂದ ತಾನೇ ತಂದ ಕೊಂಡಿಪಿನ್ನಿನಿಂದ.

ಏಸ ತೀರಿಕೊಂಡ ಆ ವಸಂತದಲ್ಲೇ ಕೆಜಾಯ ತನ್ನ ಗಂಡನ ಗ್ಯಾಲೀಸನ್ನು, ಷರಾಯಿ ಜಾರದಂತೆ ಅವನು ಹೆಗಲಿಗೆ ಹಾಕುತ್ತಿದ್ದ ಪಟ್ಟಿಯನ್ನು, ಕತ್ತರಿಸಿ ಮೊದಲ ಪಟ್ಟಿ ಹೊಲಿದಿದ್ದಳು. ಪಟ್ಟಿಯ ಅಗಲ, ಕಾಜದ ಅಳತೆ, ಬೆಳೆದಂತೆ ಉದ್ದ ಮಾಡುವ ಬಗೆ ಎಂದು ವರ್ಷಗಟ್ಟಲೆ ತಿದ್ದಿದಳು. ಪೇಟೆಂಟು ಬಂದರೆ ಅದಕ್ಕೆ ‘ಏಸ ಪಟ್ಟಿ’ ಎಂದು ಹೆಸರಿಡಬೇಕೆಂದಿದ್ದಳು. ಎಂಟು ತಿಂಗಳು ಬದುಕಿದವನ ಹೆಸರು ಇಗರ್ಜಿಯ ಹಿತ್ತಲಿನ ಒಂದು ಕಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಆ ಕಾಗದದ ಮೇಲಾದರೂ ಇರಲಿ ಎಂಬುದೇ ಅವಳ ಆಸೆ.

ಅಂದು ಸಂಜೆ ಫಿಲೂರ ಬಂದಾಗ ಕೆಜಾಯ ಬೀನ್ಸ್ ಬಡಿಸಿ, ಎದುರು ಕೂತು, ಅವಳ ಮುಖವನ್ನೇ ನೋಡಿದಳು. ಫಿಲೂರ ಎಂದಿನಂತೆ ತಲೆ ತಗ್ಗಿಸಿಯೇ ಉಣ್ಣುತ್ತಿದ್ದಳು. ಕಳ್ಳಿ, ಕಣ್ಣಲ್ಲಿ ಕಣ್ಣಿಡಲಾರಳು ಎಂದುಕೊಂಡಳು ಕೆಜಾಯ.

“ಹಾರ್ಟ್‌ಫರ್ಡ್‌ಗೆ ಯಾವಾಗಲಾದ್ರೂ ಹೋಗಿದ್ಯಾ ಫಿಲೂರ?”

“ನಾನಾ? ನಾನೆಲ್ಲಿ ಅತ್ತಿಗೆ. ಕಾರ್ಖಾನೆ ಬಿಟ್ಟರೆ ಮನೆ.”

“ನಿಮ್ಮ ಮೇಸ್ತ್ರಿ ಹೋಗ್ತಾನಂತಲ್ಲ.”

“ಹೋಗ್ತಾನೇನೋ. ಅವನು ನನಗೆ ಹೇಳಿ ಕೇಳಿ ಹೋಗ್ತಾನಾ?” ಎಂದು ಫಿಲೂರ ನಕ್ಕಳು. ಆ ನಗುವೂ ಕೆಜಾಯಳಿಗೆ ನಾಟಕವಾಗಿಯೇ ಕಂಡಿತು.

ಶುಕ್ರವಾರ ಮಧ್ಯಾಹ್ನ, ನಾದಿನಿ ಕೆಲಸಕ್ಕೆ ಹೋಗಿದ್ದಾಗ, ಕೆಜಾಯ ಅವಳ ಕೋಣೆಗೆ ಹೋಗಿ ಪೆಟ್ಟಿಗೆ ತೆಗೆದಳು. ಬೇರೆಯವರ ಪೆಟ್ಟಿಗೆ ತೆಗೆಯುವಾಗ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಚಳಿಗಾಲದ ಕಾಲುಚೀಲಗಳ ಕೆಳಗೆ, ಹಳೆಯ ದಿಂಬಿನ ಚೀಲದಲ್ಲಿ, ಪಟ್ಟಿಗಳಿದ್ದವು. ಪೂರ್ತಿಯಾದವು ಎರಡು, ಕಾಜ ಹೊಲಿಯದೆ ಬಿಟ್ಟವು ಮೂರು. ಅವಳದೇ ಅಳತೆ, ಅವಳದೇ ಕತ್ತರಿಗಟ್ಟು. ಹೊಲಿಗೆ ಮಾತ್ರ ಒರಟು, ಸೂಜಿ ಹಿಡಿದು ಅಭ್ಯಾಸವಿಲ್ಲದ ಕೈಯದು. ಅವಳು ಐದನ್ನೂ ತಂದು ಊಟದ ಮೇಜಿನ ಮೇಲೆ ಸಾಲಾಗಿ ಹರಡಿ, ಕುರ್ಚಿ ಎಳೆದುಕೊಂಡು ಕಾದಳು.

ಸಂಜೆ ಬಾಗಿಲಲ್ಲೇ ಫಿಲೂರ ನಿಂತುಬಿಟ್ಟಳು.

“ಎಷ್ಟಕ್ಕೆ ಮಾರಿದೆ?” ಎಂದಳು ಕೆಜಾಯ.

“ಏನನ್ನ?”

“ನನ್ನ ಮುಂದೆ ಏನೂ ಅರಿಯದ ಹಸುಳೆ ಥರ ಆಡಬೇಡ. ಟಿಯರ್ನಿ ಕೂಸಿನ ಮೈಮೇಲೆ ನೋಡಿದೀನಿ. ಹಾರ್ಟ್‌ಫರ್ಡ್ ಅಂಗಡೀಲಿ ಸಿಗುತ್ತಂತೆ.”

ಫಿಲೂರ ತಲೆಗವುಸು ತೆಗೆದು ಮೊಳೆಗೆ ಸಿಕ್ಕಿಸಿದಳು. “ಹೊನೋರ ಹಾಗಂದ್ಲಾ? ಪಾಪ, ಹೆದರಿಕೊಂಡು ಸುಳ್ಳು ಹೇಳಿದಾಳೆ. ಅದು ಇಗರ್ಜಿಯ ಬಾಣಂತಿ ಪೆಟ್ಟಿಗೇದು. ಬಟ್ಟೆಯೆಲ್ಲ ಆರು ವಾರಕ್ಕೆ ವಾಪಸ್ ಕೊಡಬೇಕಲ್ಲ, ಅವಳು ಕೊಟ್ಟಿಲ್ಲ. ನೀವು ಕೇಳೋಕೆ ಬಂದಿರಿ ಅಂದ್ಕೊಂಡಿರ್ತಾಳೆ.”

ಬಾಣಂತಿ ಪೆಟ್ಟಿಗೆ ಊರಿಗೆಲ್ಲ ಗೊತ್ತು. ಇಗರ್ಜಿಯ ಹೆಂಗಸರು ಕೂಸಿನ ಬಟ್ಟೆಬರೆ ತುಂಬಿ, ಇಲ್ಲದವರ ಮನೆಯಲ್ಲಿ ಹೆರಿಗೆಯಾದಾಗ ಎರವಲು ಕೊಡುತ್ತಿದ್ದ ಪೆಟ್ಟಿಗೆ. ಅದನ್ನು ಒಗೆದು, ಮಡಚಿ, ಮತ್ತೆ ತುಂಬುವ ಕೆಲಸ ಫಿಲೂರಳದು. ಏಸ ಹೋದ ಮೇಲೆ ಕೆಜಾಯ ಅದರತ್ತ ತಿರುಗಿಯೂ ನೋಡಿರಲಿಲ್ಲ.

“ಎಷ್ಟು ದಿನದಿಂದ ಇಡ್ತಿದೀಯ?”

“ನೀವು ಮೊದಲನೇದು ಹೊಲಿದ್ರಲ್ಲ, ಆ ವರ್ಷದ ಚಳಿಗಾಲದಿಂದ. ಮೂರೂವರೆ ವರ್ಷ ಆಯ್ತು. ಈ ಪಟ್ಟಿ ಹಾಕ್ಕೊಂಡವರಲ್ಲಿ ಹೊನೋರಳ ಮಗ ಹದಿನೇಳನೆಯವನು. ಯಾರಿಗೂ ಮಾರಿಲ್ಲ ಅತ್ತಿಗೆ. ಆವತ್ತು ಬೆಳಿಗ್ಗೆ ಪಿನ್ನು ಹಾಕಿದ್ದು ನಾನು. ನೀವು ಒಂದು ದಿನಾನೂ ಕೇಳಲಿಲ್ಲ, ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಇನ್ನೊಂದು ಕೂಸಿಗೆ ಹಾಗಾಗದೆ ಇರಲಿ ಅಂತ ನನ್ನ ಕೈಲಾದಷ್ಟು ಹೊಲಿದೆ.”

ಕೆಜಾಯಳಿಗೆ ಕರುಣೆ ಹುಟ್ಟಬೇಕಿತ್ತು. ಹುಟ್ಟಿದ್ದು ಸಿಟ್ಟು. ಮೂರೂವರೆ ವರ್ಷ, ಹದಿನೇಳು ಕೂಸು. ಪೇಟೆಂಟು ಮಣ್ಣುಪಾಲಾಯಿತು, ಏಸನ ಹೆಸರೂ ಅದರ ಜೊತೆಗೇ ಹೋಯಿತು. ಮಗನನ್ನು ತೆಗೆದವಳೇ ಮಗನ ಹೆಸರನ್ನೂ ತೆಗೆದಳು ಎಂದು ಅವಳ ತಲೆ ಕುದಿಯಿತು. ಲೂಮಿಸರು ಹೇಳಿದ ಎರಡು ವರ್ಷದ ಮಾತನ್ನು ಅವಳು ನಾದಿನಿಯ ಮುಖಕ್ಕೆ ಹೊಡೆದಂತೆ ಹೇಳಿದಳು.

ಫಿಲೂರ ಬೆಪ್ಪಾದಳು. “ನನಗೇನು ಗೊತ್ತು? ನೀವು ನನಗೇನೂ ಹೇಳಲ್ಲವಲ್ಲ. ಹೋಗಲಿ, ನಾಳೆ ಪ್ರಮಾಣ ಮಾಡಿಬಿಡಿ ಅತ್ತಿಗೆ. ನಾನು ಬಾಯಿ ಬಿಡಲ್ಲ. ಹೊನೋರಳಂಥವರನ್ನ ಯಾರು ಬಂದು ಕೇಳ್ತಾರೆ? ಇರೋವನ್ನೆಲ್ಲ ವಾಪಸ್ ತಂದು ಒಲೆಗೆ ಹಾಕ್ತೀನಿ.”

“ಹಾಕು. ಹಾಕೋ ಮೊದಲು ಇದನ್ನೂ ನೋಡು.” ಕೆಜಾಯ ತಗಡಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಗುಂಡಿಗಳು ನೆಲದ ಮೇಲೆಲ್ಲ ಉರುಳಿದವು. ಹಳದಿಯಾದ ಕಾಗದದ ಮಡಿಕೆಯನ್ನು ಎತ್ತಿ, “ನಿಮ್ಮ ಕಾರ್ಖಾನೆ ಪಿನ್ನು. ನಾಲ್ಕು ವರ್ಷ ಇಟ್ಕೊಂಡಿದೀನಿ. ನೋಡಿಬಿಡು ಕಣ್ತುಂಬ” ಎಂದು ಬಿಚ್ಚಿದಳು.

ಒಳಗಿದ್ದದ್ದು ಕೊಂಡಿಪಿನ್ನಲ್ಲ. ನೇರವಾದ, ಸಣ್ಣ, ತಲೆಯಲ್ಲಿ ಕಪ್ಪು ಗಾಜಿನ ಮಣಿಯಿದ್ದ ಗುಂಡುಪಿನ್ನು.

ಇಬ್ಬರೂ ಅದನ್ನು ನೋಡಿದರು. ಆಮೇಲೆ ಫಿಲೂರ ಕಣ್ಣೆತ್ತಿ ಕೆಜಾಯಳ ಎದೆಯತ್ತ ನೋಡಿದಳು. ಹೊಲಿಗೆಯವರ ಅಭ್ಯಾಸ ಅದು. ಕೈಗೆ ಸಿಗಲೆಂದು ಉಡುಪಿನ ಎಡಗಡೆ ಎದೆಯ ಮೇಲೆ ಸಾಲಾಗಿ ಗುಂಡುಪಿನ್ನು ಚುಚ್ಚಿಕೊಂಡಿರುತ್ತಾರೆ. ಕೆಜಾಯಳಂತೂ ಭಾನುವಾರ ಇಗರ್ಜಿಗೂ ಹಾಗೆಯೇ ಹೋಗಿಬಿಡುತ್ತಿದ್ದಳು, ಹೆಂಗಸರು ಮುಳ್ಳುಹಂದಿ ಎಂದು ಗೇಲಿ ಮಾಡುತ್ತಿದ್ದರು. ಈಗಲೂ ಅಲ್ಲಿ ಹತ್ತು ಹನ್ನೆರಡಿದ್ದವು, ಎಲ್ಲದರ ತಲೆಯೂ ಕಪ್ಪು ಗಾಜಿನ ಮಣಿ. ಅಳು ಶುರುವಾದ ಆ ದಿನ ಬೆಳಿಗ್ಗೆ ಫಿಲೂರ ಬಟ್ಟೆ ತೊಡಿಸಿ ಹೋದ ಮೇಲೆ ಮಗುವನ್ನು ಎದೆಗೊತ್ತಿಕೊಂಡು ತೂಗಿದವಳು ತಾನು. ಅತ್ತಷ್ಟೂ ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಂಡವಳೂ ತಾನೇ.

ಹೊನೋರ ಕೂಸನ್ನು ಯಾಕೆ ಕೊಡಲಿಲ್ಲವೆಂದು ಅವಳಿಗೆ ಈಗ ಹೊಳೆಯಿತು. ಮಡಿಕೆ ಇಷ್ಟು ವರ್ಷ ಯಾಕೆ ಬಿಚ್ಚಲಿಲ್ಲವೆಂಬುದೂ ಹೊಳೆಯಿತು.

“ನಾಲ್ಕು ವರ್ಷ ಅತ್ತಿಗೆ,” ಫಿಲೂರ ಮೆಲ್ಲಗೆ ಅಂದಳು. “ನಾಲ್ಕು ವರ್ಷ ನಾನು ತಲೆ ಎತ್ತಿ ಉಂಡಿಲ್ಲ. ಇದು ನಿಮ್ಮ ಡಬ್ಬೀಲೇ ಇತ್ತು.”

“ನಾನು ನೋಡಿರಲಿಲ್ಲ ಫಿಲೂರ.”

“ನೋಡಬಹುದಿತ್ತು.”

ಫಿಲೂರ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೆಜಾಯ ನೆಲದ ಮೇಲೆ ಕೂತು ಗುಂಡಿಗಳನ್ನು ಆರಿಸತೊಡಗಿದಳು. ಅಳು ಬಂತು, ತಡೆಯಲಿಲ್ಲ. ಮಗನಿಗಾಗಿ ಎಷ್ಟೋ ಸಲ ಅತ್ತಿದ್ದಳು. ಅವನಿಗೆ ತಾನು ಮಾಡಿದ್ದಕ್ಕಾಗಿ ಅತ್ತದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಲೂಮಿಸರು ಕಾಗದಗಳನ್ನು ಜೋಡಿಸಿಟ್ಟುಕೊಂಡು, ಕನ್ನಡಕ ಒರೆಸುತ್ತ ಕಾದಿದ್ದರು. “ಬನ್ನಿ ಕೆಜಾಯಮ್ಮ. ಸಾಕ್ಷಿಗೆ ನಾದಿನಿ ಬರ್ತಾಳೆ ಅಂದಿದ್ರಿ?”

“ಬರಲ್ಲ ಅವಳು.”

“ಸರಿ, ನಮ್ಮ ಗುಮಾಸ್ತ ಸಹಿ ಹಾಕ್ತಾನೆ ಬಿಡಿ. ಕೈ ಇಡಿ ಇಲ್ಲಿ. ಎರಡು ವರ್ಷಕ್ಕಿಂತ ಹಿಂದಿನಿಂದ ಇದು ಯಾರ ಬಳಕೆಯಲ್ಲೂ ಇಲ್ಲ, ಅಲ್ಲವೇ?”

ಕೆಜಾಯ ಬೈಬಲ್ಲಿನ ಮೇಲೆ ಕೈಯಿಟ್ಟಳು. ಹೂಂ ಅಂದರೆ ಸಾಕಿತ್ತು. ಏಸನ ಹೆಸರು ವಾಷಿಂಗ್ಟನ್ನಿಗೆ ಹೋಗಿ, ಮೊಹರು ಹೊತ್ತು ಬರುತ್ತಿತ್ತು. ಆದರೆ ಹೂಂ ಅನ್ನಬೇಕಾದರೆ ಆ ಹದಿನೇಳು ಕೂಸುಗಳು ಇಲ್ಲವೆನ್ನಬೇಕು, ಬಾರದ ಕೈಯಲ್ಲಿ ಕಾಜ ಹೊಲಿಯುತ್ತ ಕೂತ ಫಿಲೂರಳ ಮೂರೂವರೆ ವರ್ಷವೂ ಇಲ್ಲವೆನ್ನಬೇಕು.

“ಇದೆ ಸ್ವಾಮಿ,” ಎಂದಳು. “ಮೂರೂವರೆ ವರ್ಷದಿಂದ ಹದಿನೇಳು ಕೂಸು ಹಾಕ್ಕೊಂಡಿವೆ. ನನ್ನ ನಾದಿನಿ ಹೊಲಿದು ಕೊಟ್ಟಿದಾಳೆ.”

ಲೂಮಿಸರು ಲೇಖನಿ ಕೆಳಗಿಟ್ಟರು. ಕಿಟಕಿಯಾಚೆ ನೋಡಿದರು, ಗುಮಾಸ್ತನತ್ತ ನೋಡಿದರು. “ಅಮ್ಮ, ನೀವು ಸುಮ್ಮನಿದ್ದಿದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ.”

“ಸುಮ್ಮನಿದ್ದು ನೋಡಿದೀನಿ ಸ್ವಾಮಿ, ನಾಲ್ಕು ವರ್ಷ. ನನ್ನ ಮಾದರಿ ಕೊಡಿ, ಬರ್ತೀನಿ.”

ಮನೆಯಲ್ಲಿ ಫಿಲೂರ ಅಡುಗೆಮನೆಯ ಕಿಟಕಿಯ ಬಳಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಕೆಜಾಯ ನಡೆದದ್ದನ್ನು ಹೇಳಿದಳು. ಫಿಲೂರ ಮುಖವೆತ್ತಿ ನೋಡಿದಳು, ನೋಡಿ ಹಾಗೆಯೇ ನೋಡುತ್ತಿದ್ದಳು. ಕ್ಷಮಿಸಿದ ನೋಟವೇನಲ್ಲ ಅದು. ಕೆಜಾಯ ಅವಳೆದುರೇ ನಿಂತು ಎದೆಯ ಮೇಲಿನ ಗುಂಡುಪಿನ್ನುಗಳನ್ನು ಒಂದೊಂದಾಗಿ ಕಿತ್ತು ಸೂಜಿ, ಪಿನ್ನು ಇಡುವ ಮೆತ್ತೆಗೆ ಚುಚ್ಚಿದಳು. ಆಮೇಲೆ ಉಡುಪಿನ ಮೇಲೆ ಅಂಗೈ ಆಡಿಸಿ ಎರಡು ಸಲ ತಡವಿ ನೋಡಿದಳು.

“ಇಲ್ಲೊಂದಿದೆ,” ಎಂದು ಫಿಲೂರ ಎದ್ದುಬಂದು ಕೊರಳಪಟ್ಟಿಯ ಮಡಿಕೆಯಿಂದ ಕೊನೆಯದನ್ನು ತೆಗೆದಳು.

ಹೊನೋರ ಟಿಯರ್ನಿ ಬಾಗಿಲು ತೆರೆದವಳೇ ಕೆಜಾಯಳನ್ನು ಕಂಡು ಬಿಳಿಚಿಕೊಂಡಳು. “ಅಮ್ಮಾವ್ರೆ, ನಾಳೆ ಒಗೆದು ವಾಪಸ್ ಕೊಟ್ಬಿಡ್ತೀನಿ, ದಮ್ಮಯ್ಯ.”

“ವಾಪಸ್ ಬೇಡ. ಇದನ್ನೂ ಇಟ್ಕೋ. ಅದು ಒದ್ದೆಯಾದಾಗ ಇದನ್ನ ಹಾಕು.” ಕೆಜಾಯ ಮಾದರಿಯ ಪಟ್ಟಿಯನ್ನು ಅವಳ ಕೈಗಿತ್ತಳು. ಅಷ್ಟು ನಾಜೂಕಾದ ಹೊಲಿಗೆ ಆ ಬೀದಿಯಲ್ಲಿ ಯಾರ ಮೈಮೇಲೂ ಇದ್ದಿರಲಾರದು.

“ಏನಂತಾರೆ ಇದಕ್ಕೆ? ಹೆಸರಿದ್ಯಾ?”

“ಏಸ ಪಟ್ಟಿ.”

ಹೊನೋರ ಆ ಹೆಸರನ್ನು ಒಮ್ಮೆ ತನ್ನ ಬಾಯಲ್ಲಿ ಅಂದುನೋಡಿದಳು. ಆಮೇಲೆ ಕೆಜಾಯಳ ಎದೆಯ ಮೇಲೆ ಕಣ್ಣಾಡಿಸಿ, ಬರಿದಾಗಿದ್ದ ಬಟ್ಟೆಯನ್ನು ಚೆನ್ನಾಗಿ ನೋಡಿ, ಕೇಳದೆಯೇ ಕೂಸನ್ನು ಎತ್ತಿ ಅವಳ ತೋಳಿಗೆ ಕೊಟ್ಟಳು.