ಹಗೇವಿನ ಬಾಯಲ್ಲಿ ವಹೀದಾ ಟೀಚರ್

ವಹೀದಾ ಟೀಚರ್ ನಿಧಾನವಾಗಿ ನಡೆದು ಬಂದದ್ದನ್ನು ನಾನು ಕಂಡದ್ದು ಕಡಿಮೆ. ಅವರು ಯಾವಾಗಲೂ ಧಾವಿಸಿಯೇ ಬರುತ್ತಿದ್ದರು. ಅಯೋಡಿನ್ ಕಲೆಗಳಲ್ಲಿ ತನ್ನ ಮೂಲ ಬಿಳುಪನ್ನು ಎಂದೋ ಮರೆತಿದ್ದ ಪ್ರಯೋಗಶಾಲೆಯ ಕೋಟು ಮೊಣಕಾಲಿಗೆ ಬಡಿಯುತ್ತ, ಒಂದು ಕಿಸೆಯಲ್ಲಿ ಎಲೆಗಳು, ಇನ್ನೊಂದರಲ್ಲಿ ಪಾನ್ ಅಂಗಡಿಯ ಸುಣ್ಣದ ಡಬ್ಬಿ ಇಟ್ಟುಕೊಂಡು, ಹುಮನಾಬಾದಿನ ಬಸ್ಸಿಳಿದು ಬಸವಕಲ್ಯಾಣದ ನಮ್ಮ ಶಾಲೆಯ ಗೇಟು ಹೊಕ್ಕರೆಂದರೆ ಮಕ್ಕಳು ತಾವಾಗಿಯೇ ದಾರಿ ಬಿಡುತ್ತಿದ್ದರು. ಅವರು ನಿವೃತ್ತರಾದ ಮೇಲೆ, ಅದೇ ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಆ ವರಾಂಡ ಬೋಳುಬೋಳಾಗಿ ಕಾಣುತ್ತದೆ.

ಗಿಡ ಹಗಲು ಆಹಾರ ತಯಾರಿಸುತ್ತದೆ, ರಾತ್ರಿ ಉಸಿರಾಡುತ್ತದೆ ಎಂದು ಯಾವ ಹುಡುಗಿಯಾದರೂ ಬರೆದರೆ ಅವರ ಪಿತ್ತ ನೆತ್ತಿಗೇರುತ್ತಿತ್ತು.

“ನೀ ಅಡಗಿ ಮಾಡುವಾಗ ಉಸರು ಬಿಗಿ ಹಿಡಿತೀಯೇನು, ಬೇಟಾ?”

ಸಿಟ್ಟಿಳಿದ ಮೇಲೆ ವಿವರಣೆ. ಎಲೆ ಬಿಸಿಲನ್ನು ಸಕ್ಕರೆಯಾಗಿ ಕೂಡಿಡುತ್ತದೆ, ಕಾಳು ಅದನ್ನೇ ಪಿಷ್ಟವಾಗಿ ಒಡಲಲ್ಲಿಟ್ಟುಕೊಳ್ಳುತ್ತದೆ. ಗಿಡವಿರಲಿ, ಕಾಳಿರಲಿ, ಮನುಷ್ಯನಿರಲಿ, ಜೀವಕೋಶ ಹಗಲಿರುಳೂ ಆಮ್ಲಜನಕದ ನೆರವಿನಿಂದ ಆ ಸಕ್ಕರೆಯನ್ನು ಸಾವಕಾಶ ಒಡೆದು ಶಕ್ತಿ ಪಡೆಯುತ್ತದೆ, ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ನೆನೆಹಾಕಿದ ಜೋಳವನ್ನು ಬಾಟಲಿಯಲ್ಲಿ ಮುಚ್ಚಿಟ್ಟು, ಅದರ ಗಾಳಿ ತಾಗಿ ಸುಣ್ಣದ ತಿಳಿನೀರು ಹಾಲಿನಂತಾಗುವುದನ್ನು ತೋರಿಸಿದ ಮೇಲೇ ಅವರ ಪಾಠ ಮುಗಿಯುವುದು. ಹೀಗಾದರೆ ಪೋರ್ಷನ್ ಮುಗಿದಂತೆಯೇ ಎಂದು ನಾವು ಸಹೋದ್ಯೋಗಿಗಳು ಕಾಡಿದರೆ, ಕೇಳಿಸದವರಂತೆ ಬಾಟಲಿ ತೊಳೆಯುತ್ತಿದ್ದರು.

ಒಂದು ಮಳೆಗಾಲದ ಬೆಳಿಗ್ಗೆ ಅಂಥದೇ ಪಾಠದ ನಡುವೆ ಹತ್ತಿರದ ರಾಜೇಶ್ವರ ಊರಿನ ಹುಡುಗಿ ಸರಿತಾ, ಹಾಗಾದರೆ ನಮ್ಮ ಹಗೇವಿನ ಜೋಳವೂ ಉಸಿರಾಡುತ್ತಿರಬೇಕಲ್ಲ, ಅಪ್ಪ ಇವತ್ತೇ ಅದನ್ನು ತೆಗೆಯುತ್ತಾನೆ ಎಂದಳು. ಹಗೇವು ಎಂದರೆ ನೆಲದೊಳಗೆ ಕಾಳು ಹುಗಿದಿಡುವ ಆಳವಾದ ಕುಣಿ. ನಮ್ಮ ಕಡೆ ಹೆಚ್ಚುಕಡಿಮೆ ಮರೆತೇಹೋಗಿದ್ದ ಆ ಪದ್ಧತಿಯನ್ನು, ಹುಳ ಹತ್ತುವುದಿಲ್ಲವೆಂದು, ಅವಳ ತಂದೆ ಸೂರ್ಯಕಾಂತ ಆ ವರ್ಷ ಮತ್ತೆ ಹಿಡಿದಿದ್ದ. ಫೋನ್ ಮಾಡಿದರೆ ಅತ್ತ ಎತ್ತುವವರಿರಲಿಲ್ಲ. ಟೀಚರ್ ಚಾಕ್‌ಪೀಸನ್ನು ಕೈಯಲ್ಲಿ ಹಿಡಿದೇ ಸ್ಟಾಫ್ ರೂಮಿನಿಂದ ನನ್ನನ್ನು ಎಬ್ಬಿಸಿ, ನನ್ನ ಸ್ಕೂಟರಿನ ಹಿಂದೆ ಕೂತರು. ತಿಂಗಳುಗಟ್ಟಲೆ ಮುಚ್ಚಿದ ಕುಣಿಯೊಳಗಿನ ಆಮ್ಲಜನಕವನ್ನೆಲ್ಲ ಕಾಳು ಮುಗಿಸಿರುತ್ತದೆ, ಇಳಿದವನು ತಿರುಗಿ ಬರುವುದಿಲ್ಲ ಎಂದು ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಹೇಳುತ್ತಲೇ ಇದ್ದರು. ನನಗೆ ಬ್ರೇಕು ಯಾವುದು, ಹಾರ್ನು ಯಾವುದು ತಿಳಿಯದಾಗಿತ್ತು.

ನಾವು ಮುಟ್ಟಿದಾಗ ಸೂರ್ಯಕಾಂತ ಸೊಂಟಕ್ಕೆ ಹಗ್ಗ ಬಿಗಿದು ಹಗೇವಿನ ಬಾಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಟೀಚರ್ ಅವನ ರಟ್ಟೆ ಹಿಡಿದರು. ಅವನಿಗೆ ನಗು ಬಂತು.

“ದೀಪ ಇಳಿಸಿ ನೋಡೀನ್ರಿ, ಟೀಚರ್. ಛಲೋ ಉರಿಯಾಕತ್ತದ. ನಮ್ಮಪ್ಪನೂ ಹಿಂಗೇ ನೋಡಿ ಇಳಿತಿದ್ದ.”

ನಾನು ಬಗ್ಗಿ ನೋಡಿದೆ. ಹಿರಿಯರು ಹಾಕಿಕೊಟ್ಟ ರೂಢಿಯನ್ನು ಅವನು ಮರೆತಿರಲಿಲ್ಲ, ಪಾಪ. ಕೆಳಗೆ ಜೋಳದ ರಾಶಿಯ ಮೇಲೆ, ಹಗ್ಗಕ್ಕೆ ಕಟ್ಟಿದ ಬ್ಯಾಟರಿ ಟಾರ್ಚು ಬೆಳ್ಳಗೆ ಬೆಳಗುತ್ತಿತ್ತು.

“ನಿಮ್ಮಪ್ಪ ಇಳಿಸಿದ್ದು ಎಣ್ಣಿ ದೀಪ. ಅದಕ್ಕ ಗಾಳಿ ಬೇಕ್ರಿ. ಈ ಬ್ಯಾಟರಿಗಿ ಬ್ಯಾಡ. ನಿಮಗ ಬೇಕು.”

ಅವನ ತಾಯಿ ಕೇಶರಬಾಯಿ ಒಳಗಿಂದ ಕಂದೀಲು ತಂದರು. ಟೀಚರ್ ತಾವೇ ಅದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಆಳುದ್ದವೂ ಇಳಿದಿರಲಿಲ್ಲ, ದೀಪ ಆರಿತು. ಮೇಲೆಳೆದು, ಹಚ್ಚಿ, ಮತ್ತೆ ಇಳಿಸಿದರು, ಅಲ್ಲಿಯೇ ಆರಿತು. ಅದರ ಕೆಳಗೆ ಬ್ಯಾಟರಿ ಮಾತ್ರ ಉರಿಯುತ್ತಲೇ ಇತ್ತು. ಸೂರ್ಯಕಾಂತ ಕಾಲು ಮೇಲೆಳೆದುಕೊಂಡ. ಅವನ ಸೊಂಟದ ಗಂಟನ್ನು ಕೇಶರಬಾಯಿಯೇ ಬಿಚ್ಚಿದರು. ಹಗೇವನ್ನು ಬಾಯ್ತೆರೆದೇ ಬಿಟ್ಟರು. ಮರುದಿನ ಕಂದೀಲು ರಾಶಿ ಮುಟ್ಟಿ ಉರಿದ ಮೇಲೆ ಜೋಳ ಮೇಲೆ ಬಂತು.

ಟೀಚರ್ ಈಗ ಹುಮನಾಬಾದಿನ ಮನೆಯಲ್ಲಿದ್ದಾರೆ. ಆ ದಿನದ ಮಾತು ಅವರ ಬೀಳ್ಕೊಡುಗೆಯ ಭಾಷಣಗಳಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ಅವರೂ ಎತ್ತಲಿಲ್ಲ. ನನಗೆ ಆಗ ಕೆಟ್ಟದೆನಿಸಿತ್ತು, ಈಗ ಅರ್ಥವಾಗುತ್ತದೆ. ಕೆಡುಕು ನಡೆದರೆ ಊರು ತಲೆಮಾರುಗಳ ಕಾಲ ನೆನೆಯುತ್ತದೆ. ಅದನ್ನು ತಡೆದವರ ಪಾಲಿಗೆ ನೆನೆಯಲು ಏನೂ ಉಳಿಯುವುದಿಲ್ಲ. ಅವರ ದೆಸೆಯಿಂದ ಒಬ್ಬ ಮನುಷ್ಯ ಸಂಜೆ ಎಂದಿನಂತೆ ಕೈಕಾಲು ತೊಳೆದು ರೊಟ್ಟಿಗೆ ಕೂಡುತ್ತಾನೆ, ಮಗಳು ಎಂದಿನಂತೆ ನೀರು ತಂದಿಡುತ್ತಾಳೆ, ಅಷ್ಟೇ.